ಕಣ್ಣು ಮಂಜಾಗಿದ್ದು ಕಾಯಿಲೆ ಹೆಚ್ಚಾಗಿ ಅಲ್ಲ, ಮೈ ಬಿಸಿಯಾಗಿ

ಪ್ರಶ್ನೆ: ನನಗೆ 44 ವರ್ಷ. ಊರು ರಾಯಚೂರು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. 13 ವರ್ಷದ ಹಿಂದೆ ಬಲಗಣ್ಣು ಮಂಜಾಗಿ, ಆಮೇಲೆ ಅದು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂದು ಗೊತ್ತಾಯಿತು. ಎರಡು ವರ್ಷದಿಂದ ವ್ಹೀಲ್‌ಚೇರ್‌ನಲ್ಲಿದ್ದೇನೆ. ಬಲಗೈ ಚೆನ್ನಾಗಿದೆ, ಎಡಗೈಯಲ್ಲಿ ಶಕ್ತಿ ಸ್ವಲ್ಪ ಕಡಿಮೆ. ಕಾಲು ಬಿಗಿಯುತ್ತದೆ, ಅದಕ್ಕೆ ಬ್ಯಾಕ್ಲೋಫೆನ್ ಮಾತ್ರೆ ಇದೆ. ಹೋದ ಏಪ್ರಿಲ್‌ನಲ್ಲಿ ವ್ಯಾಯಾಮ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಬಲಗಣ್ಣು ಮಂಜಾಯಿತು, ಎಡಗೈ ಸೋತುಹೋಯಿತು. ಅರ್ಧ ಗಂಟೆ ಮಲಗಿದ ಮೇಲೆ ಸರಿಹೋಯಿತು. ಆದರೆ ಮನೆಯವರು ಹೆದರಿ ಎಲ್ಲ ನಿಲ್ಲಿಸಿದರು. ‘ಇರೋ ಶಕ್ತಿನಾದ್ರೂ ಉಳಿಸ್ಕೊ’ ಅಂತಾರೆ ಅತ್ತೆ. ವ್ಯಾಯಾಮದಿಂದ ಎಂಎಸ್ ಜಾಸ್ತಿಯಾಗುತ್ತದೆಯೇ? ಮಾಡಿದರೆ ಮತ್ತೆ ನಡೆಯಬಹುದೇ? ಏನು, ಎಷ್ಟು ಮಾಡಲಿ? ವಾರಕ್ಕೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಾರೆ. ಎಂಎಸ್ ಇರುವವರನ್ನು ಅವರು ನೋಡುತ್ತಿರುವುದು ಇದೇ ಮೊದಲಂತೆ.

ಉತ್ತರ: ಮೊದಲು ಆ ಮಂಜಾದ ಕಣ್ಣಿನ ವಿಷಯ ಮುಗಿಸಿಬಿಡೋಣ. ನಿಮ್ಮ ಮನೆಯಲ್ಲಿ ವ್ಯಾಯಾಮ ನಿಂತಿದ್ದೇ ಅದರಿಂದ ಅಲ್ವಾ.

ನರವನ್ನು ಒಂದು ವೈರು ಅಂದುಕೊಳ್ಳಿ. ವೈರಿನ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ ನರದ ಮೇಲೆ ಮೈಲಿನ್ ಎಂಬ ಪದರ ಇರುತ್ತದೆ. ಎಂಎಸ್‌ನಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು, ಮೆದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಅಲ್ಲಲ್ಲಿ ಆ ಪದರವನ್ನು ಹಾಳುಮಾಡುತ್ತದೆ. ಪದರ ಹೋದ ಜಾಗದಲ್ಲಿ ಸಂದೇಶ ಕುಂಟುತ್ತಾ ಸಾಗುತ್ತದೆ. ಮೈ ಅರ್ಧ ಡಿಗ್ರಿಯಷ್ಟು ಬಿಸಿಯಾದರೂ ಸಾಕು, ಅಲ್ಲಿ ಅದು ನಿಂತೇ ಹೋಗಬಹುದು. ಮೈ ತಣ್ಣಗಾದರೆ ಮತ್ತೆ ಹರಿಯುತ್ತದೆ. ನಿಮ್ಮ ಬಲಗಣ್ಣಿನ ನರಕ್ಕೆ 13 ವರ್ಷದ ಹಿಂದೆಯೇ ಪೆಟ್ಟು ಬಿದ್ದಿತ್ತು. ಏಪ್ರಿಲ್‌ನಲ್ಲಿ ಮಂಜಾಗಿದ್ದು ಅದೇ ಕಣ್ಣು. ಹೊಸದಾಗಿ ಏನೂ ಹಾಳಾಗಲಿಲ್ಲ. ಮೈಯ ಬಿಸಿಗೆ ಹಳೆಯ ಗಾಯ ನೆನಪು ಮಾಡಿತು, ಅಷ್ಟೆ.

ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಥಾಫ್ 1890ರಲ್ಲೇ ಇದನ್ನು ಬರೆದಿಟ್ಟರು. ಈಗಲೂ ಇದಕ್ಕೆ ಅವರದೇ ಹೆಸರು. ತಮಾಷೆ ಏನೆಂದರೆ, ಅವರೂ ತಪ್ಪನ್ನು ಶ್ರಮದ ಮೇಲೆ ಹಾಕಿದರು. ಕಾರಣ ಶ್ರಮ ಅಲ್ಲ, ಶ್ರಮದಿಂದ ಏರುವ ಬಿಸಿ ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಎಂಆರ್‌ಐ ಇಲ್ಲದ ಕಾಲದಲ್ಲಿ ಎಂಎಸ್ ಅನುಮಾನ ಇದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಎದ್ದು ಕಾಣುತ್ತವಾ ಎಂದು ನೋಡುವ ಪರೀಕ್ಷೆಯೇ ಇತ್ತು! ಈಗ ಯಾರೂ ಮಾಡುವುದಿಲ್ಲ, ನೀವೂ ಮಾಡಬೇಡಿ. ತುಂಬಾ ಬಿಸಿನೀರಿನ ಸ್ನಾನವೂ ಬೇಡ.

ನಿಮ್ಮ ಅತ್ತೆಯವರನ್ನು ಮಾತ್ರ ಬೈಯಬೇಡಿ. ದೊಡ್ಡ ದೊಡ್ಡ ನರರೋಗ ತಜ್ಞರು ದಶಕಗಳ ಕಾಲ ಹೇಳಿದ್ದು ಇದನ್ನೇ: ‘ದಣಿಯಬೇಡಿ, ಶಕ್ತಿ ಉಳಿಸಿಕೊಳ್ಳಿ’. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಎಂಎಸ್ ಇರುವ 54 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷದಂತೆ 15 ವಾರ ಕೈಕಾಲುಗಳಿಂದ ಪೆಡಲ್ ತುಳಿಯಿತು. ಅವರ ದಮ್ಮು ಹೆಚ್ಚಿತು, ಸ್ನಾಯುಗಳ ಶಕ್ತಿ ಹೆಚ್ಚಿತು. ಕಾಯಿಲೆ ಹೆಚ್ಚಲಿಲ್ಲ. ವೈದ್ಯರ ಮಾತಿನ ಧಾಟಿ ಬದಲಾಗಲು ಈ ಅಧ್ಯಯನ ದೊಡ್ಡ ಕಾರಣ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ವ್ಯಾಯಾಮದಿಂದ ಎಂಎಸ್ ಹೆಚ್ಚಾಗುವುದಿಲ್ಲ.

ಒಂದು ಗುರುತು ಮಾತ್ರ ನೆನಪಿರಲಿ. ವ್ಯಾಯಾಮದಲ್ಲಿ ಬಂದ ಮಂಜು, ಸೋಲು ತಣ್ಣಗಾದ ಮೇಲೆ ಒಂದು ಗಂಟೆಯೊಳಗೆ ಹೋದರೆ ಭಯ ಬೇಡ. ಹೊಸ ತೊಂದರೆ 24 ಗಂಟೆ ಕಳೆದರೂ ಹೋಗದಿದ್ದರೆ ನಿಮ್ಮ ನರರೋಗ ತಜ್ಞರಿಗೆ ಫೋನ್ ಮಾಡಿ, ಅದು ರೀಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳಿದ್ದು ಇರಬಹುದು. ಅದರ ಜೊತೆಗೆ ಜ್ವರ ಇದೆಯಾ, ಮೂತ್ರ ಉರಿಯುತ್ತದೆಯಾ, ವಾಸನೆ ಬರುತ್ತದೆಯಾ ಎಂದೂ ನೋಡಿಕೊಳ್ಳಿ. ಮೂತ್ರದ ಸೋಂಕು ಬಂದರೆ ಎಂಎಸ್‌ನವರಿಗೆ ರೀಲ್ಯಾಪ್ಸ್ ಆದ ಹಾಗೆಯೇ ಕೈಕಾಲು ಸೋಲುತ್ತವೆ. ಸೋಂಕು ವಾಸಿಯಾದರೆ ಶಕ್ತಿಯೂ ಮರಳುತ್ತದೆ. ಟಾಯ್ಲೆಟ್‌ಗೆ ಹೋಗುವ ಕಷ್ಟಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರು ಬಹಳ ಜನ. ನೀವೂ ಹಾಗೆ ಮಾಡುತ್ತಿದ್ದರೆ, ವ್ಯಾಯಾಮಕ್ಕಿಂತ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ಈಗ ಕಷ್ಟದ ಪ್ರಶ್ನೆ, ಮತ್ತೆ ನಡೆಯಬಹುದೇ ಅನ್ನುವುದು. ನಡೆಸಿಬಿಡುತ್ತೇನೆ ಎಂದು ಮಾತು ಕೊಡುವವರನ್ನು ನಂಬಬೇಡಿ. ಎರಡು ವರ್ಷದಿಂದ ವ್ಹೀಲ್‌ಚೇರ್ ಬಳಸುತ್ತಿರುವವರನ್ನು ವ್ಯಾಯಾಮ ಒಂದೇ ಎಬ್ಬಿಸಿ ನಡೆಸುತ್ತದೆ ಎನ್ನಲು ಆಧಾರ ಇಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಎಂಎಸ್ ಮತ್ತು ವ್ಯಾಯಾಮದ ಬಗ್ಗೆ ಆಗಿರುವ ಅಧ್ಯಯನಗಳಲ್ಲಿ ಹೆಚ್ಚಿನವು ನಡೆಯಬಲ್ಲವರ ಮೇಲೆ ಆಗಿವೆ. ಯೂಟಾದವರೂ ನಡೆಯುತ್ತಿದ್ದವರೇ. ವ್ಹೀಲ್‌ಚೇರ್‌ನವರ ಮೇಲೆ ಆದವು ಕಡಿಮೆ, ಅವುಗಳಲ್ಲೂ ಹೆಚ್ಚಿನವು ಸಣ್ಣವು.

ಹಾಗಾದರೆ ಯಾಕೆ ಮಾಡಬೇಕು? ನಾನು ಹೊಸಬರನ್ನು ನೋಡಿದಾಗ ಕೇಳುವುದು ಒಂದೇ: ನಿಮ್ಮ ದಿನದಲ್ಲಿ ಯಾವ ಒಂದು ಕೆಲಸ ಸುಲಭವಾದರೆ ಮನೆಯೇ ಹಗುರಾಗುತ್ತದೆ? ಮಂಚದಿಂದ ಕುರ್ಚಿಗೆ ದಾಟುವುದು ಅನ್ನುತ್ತಾರೆ ಬಹಳ ಜನ. ಕಮೋಡ್ ಮೇಲೆ ಕೂತಾಗ ಬೀಳದೆ ಇರುವುದು ಅನ್ನುತ್ತಾರೆ. ಊಟ ಮುಗಿಯುವವರೆಗೆ ಬೆನ್ನು ನೆಟ್ಟಗಿರಬೇಕು ಅನ್ನುತ್ತಾರೆ. ಹತ್ತು ಹೆಜ್ಜೆ ನಡೆಯುವುದಕ್ಕಿಂತ ಇವು ದೊಡ್ಡವು ಎಂದು ನನ್ನ ಅನಿಸಿಕೆ. ಮಂಚದಿಂದ ಕುರ್ಚಿಗೆ ಇಬ್ಬರು ಎತ್ತಬೇಕಾದ ಕಡೆ ಒಬ್ಬರ ಕೈ ಆಸರೆ ಸಾಕು ಅಂತಾದರೆ, ನಿಮ್ಮ ಯಜಮಾನರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು, ನೀವು ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬರಬಹುದು. ಅದಕ್ಕೆ ಬೇಕಾದ ಶಕ್ತಿ ವ್ಯಾಯಾಮದಿಂದ ಬರುತ್ತದೆ. ನಿಮ್ಮ ಆ ಒಂದು ಕೆಲಸ ಯಾವುದು ಎಂದು ಇವತ್ತೇ ಬರೆದಿಡಿ. ಉಳಿದಿದ್ದನ್ನು ಅದರಿಂದ ಶುರು ಮಾಡೋಣ.

ನೀವು ಆರಿಸಿಕೊಂಡ ತಿಂಗಳೂ ಸರಿ ಇರಲಿಲ್ಲ. ರಾಯಚೂರಿನ ಏಪ್ರಿಲ್ ಅಂದರೆ ಸುಮ್ನೆ ಕೂತರೂ ಬೆವರು. ಎಂಎಸ್‌ನಲ್ಲಿ ಕೆಲವರಿಗೆ ಬೆವರೇ ಸರಿಯಾಗಿ ಬರುವುದಿಲ್ಲ, ಅವರ ಕಷ್ಟ ಇನ್ನೂ ಜಾಸ್ತಿ. ಬೆಳಿಗ್ಗೆ ಐದೂವರೆಯಿಂದ ಏಳರ ಒಳಗೆ ವ್ಯಾಯಾಮ ಮುಗಿಸಿ. ಮೈಯ ಬಿಸಿ ಆಗ ಕಡಿಮೆ ಇರುತ್ತದೆ, ರಾತ್ರಿಯ ನಿದ್ದೆಯಿಂದ ಆಯಾಸವೂ ಇಳಿದಿರುತ್ತದೆ. ಸಂಜೆ ಬೇಡ. ಸೂರ್ಯ ಮುಳುಗಿದರೂ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೆ ಉಗುಳುತ್ತಿರುತ್ತವೆ. ತೆಳು ಕಾಟನ್ ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡು ಫ್ಯಾನ್ ಎದುರು ಕೂರಿ. ಪಕ್ಕದಲ್ಲಿ ಮಡಕೆಯ ಅಥವಾ ಫ್ರಿಜ್ಜಿನ ತಣ್ಣೀರು ಇರಲಿ, ನಡುನಡುವೆ ಒಂದೊಂದು ಗುಟುಕು ಕುಡಿಯಿರಿ. ಎಸಿ ಬೇಕೇ ಬೇಕು ಅಂತಿಲ್ಲ. ನಿಮ್ಮ ಕಡೆಯ ಒಣ ಗಾಳಿಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಇದೇ ಮಾತನ್ನು ಮಂಗಳೂರಿನವರಿಗೆ ನಾನು ಹೇಳುವುದಿಲ್ಲ, ಅಲ್ಲಿನ ತೇವದ ಗಾಳಿಗೆ ಕೂಲರ್ ಉಪಯೋಗವಿಲ್ಲ. ವಿದೇಶದಲ್ಲಿ ತಂಪು ಜಾಕೆಟ್ ಹಾಕಿಕೊಳ್ಳುತ್ತಾರೆ. ಒದ್ದೆ ಟವೆಲ್ಲೂ ಅದೇ ಕೆಲಸ ಮಾಡುತ್ತದೆ, ಪದೇ ಪದೇ ಒದ್ದೆ ಮಾಡಬೇಕು ಅಷ್ಟೆ.

ಇನ್ನು ವ್ಯಾಯಾಮ. ಕುರ್ಚಿಯ ಎರಡೂ ಬ್ರೇಕ್ ಹಾಕಿದ ಮೇಲೆಯೇ ಶುರು.

ಮನೆಯಲ್ಲಿ ಡಂಬಲ್ ಇದೆ ಎಂದು ಎಲ್ಲರೂ ಮೊದಲು ಅದನ್ನು ತಲೆಯ ಮೇಲೆ ಎತ್ತಲು ಹೋಗುತ್ತಾರೆ. ಬೇಡ. ವ್ಹೀಲ್‌ಚೇರ್‌ನವರಿಗೆ ಭುಜವೇ ಕಾಲು. ಚಕ್ರ ತಳ್ಳಿ ತಳ್ಳಿ ಎದೆಯ ಸ್ನಾಯು, ಭುಜದ ಮುಂದಿನ ಸ್ನಾಯು ಬಿಗಿಯಾಗುತ್ತವೆ, ಬೆನ್ನಿನವು ಸಡಿಲ ಬೀಳುತ್ತವೆ. ಭುಜ ಮುಂದಕ್ಕೆ ಬಾಗಿ, ಒಳಗಿನ ಸ್ನಾಯುರಜ್ಜು ಮೂಳೆಗಳ ನಡುವೆ ಸಿಕ್ಕಿ ಉಜ್ಜುತ್ತದೆ. ಕೆಲವು ವರ್ಷಕ್ಕೆ ಭುಜ ನೋವು ಶುರು. ಕಾಲಿಲ್ಲದ ಮೇಲೆ ಭುಜವೂ ಹೋದರೆ ಏನು ಗತಿ ಹೇಳಿ? ಅದಕ್ಕೇ ತಳ್ಳುವುದಕ್ಕಿಂತ ಎಳೆಯುವ ವ್ಯಾಯಾಮ ಮೊದಲು.

ಥೆರಾಬ್ಯಾಂಡ್ ಎಂಬ ರಬ್ಬರ್ ಪಟ್ಟಿ ಮೆಡಿಕಲ್ ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಮೆತ್ತಗಿನದನ್ನು ತನ್ನಿ. ಕಿಟಕಿಯ ಸರಳಿಗೆ ಎದೆಯ ಎತ್ತರದಲ್ಲಿ ಕಟ್ಟಿ, ಎದುರು ಕೂತು, ಎರಡೂ ಮೊಣಕೈಗಳನ್ನು ಪಕ್ಕೆಗೆ ತಾಗಿಸಿ ಹಿಂದಕ್ಕೆ ಎಳೆಯಿರಿ. ಬಾವಿಯಿಂದ ಕೊಡ ಸೇದುವ ಹಾಗಲ್ಲ, ಬೆನ್ನಿನ ಎರಡು ರೆಕ್ಕೆ ಮೂಳೆಗಳು ಹತ್ತಿರ ಬರುವ ಹಾಗೆ. ಎಂಟು ಸಲ ಸಾಕು. ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು ಸಲ. ಆಮೇಲೆ ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ, ಬಾಗಿಲು ತೆರೆದ ಹಾಗೆ ಮುಂಗೈಯನ್ನು ಹೊರಕ್ಕೆ ತಿರುಗಿಸುವುದು. ಎಡಗೈ ಹಿಡಿತ ಜಾರಿದರೆ ಪಟ್ಟಿಯ ತುದಿಗೆ ಗಂಟು ಹಾಕಿ ಬಳೆಯಂತೆ ಮಾಡಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಸೋತ ಕೈಗೆ ಮೊದಲ ಸರದಿ ಕೊಡಿ. ಬಲಗೈ ಜೋರು ಎಂದು ಅದರಿಂದ ಶುರು ಮಾಡಿದರೆ ಎಡಗೈ ಸರದಿ ಬರುವಷ್ಟರಲ್ಲಿ ಮೈ ಬಿಸಿಯಾಗಿ ಅದು ಇನ್ನಷ್ಟು ಸೋಲುತ್ತದೆ. ಇದು ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದೆರಡು ದಿನ ಬಿಡುವು ಇರಲಿ.

ದಮ್ಮಿಗೆ ಕೈಪೆಡಲ್. ಕಾಲಿನಿಂದ ತುಳಿಯುವ ಚಿಕ್ಕ ಪೆಡಲ್ ಸೈಕಲ್ ಇರುತ್ತದಲ್ಲ, ಅದನ್ನೇ ಟೇಬಲ್ ಮೇಲಿಟ್ಟು ಜಾರದಂತೆ ಕಟ್ಟಿ ಕೈಯಿಂದ ತಿರುಗಿಸಿ. ಹಿಡಿ ಭುಜಕ್ಕಿಂತ ಮೇಲೆ ಹೋಗಬಾರದು. ನಿಮಗೆ ಹೋದ ಸಲ ಹತ್ತು ನಿಮಿಷಕ್ಕೆ ತೊಂದರೆ ಆಗಿತ್ತು. ಹಾಗಾಗಿ ಹತ್ತು ನಿಮಿಷ ಒಂದೇ ಸಮ ಬೇಡ. ಒಂದು ನಿಮಿಷ ತಿರುಗಿಸಿ, ಒಂದು ನಿಮಿಷ ತಣ್ಣೀರು ಕುಡಿದು ಸುಮ್ಮನಿರಿ. ಹೀಗೆ ಐದು ಸಲ. ಬಿಟ್ಟು ಬಿಟ್ಟು ಮಾಡಿದರೆ ಬಿಸಿ ಅಷ್ಟು ಏರುವುದಿಲ್ಲ, ಕೆಲಸ ಮಾತ್ರ ಅಷ್ಟೇ ಆಗುತ್ತದೆ. ವಾರಕ್ಕೊಂದು ಸುತ್ತು ಸೇರಿಸುತ್ತಾ ಹೋಗಿ. ಎಷ್ಟು ಜೋರು? ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು. ಕೈಗಡಿಯಾರದ ನಾಡಿ ಲೆಕ್ಕ ನೆಚ್ಚಬೇಡಿ. ಎಂಎಸ್‌ನಲ್ಲಿ ಕೆಲವರ ನಾಡಿ ಶ್ರಮಕ್ಕೆ ತಕ್ಕಂತೆ ಏರುವುದೇ ಇಲ್ಲ.

ಒಟ್ಟು ಎಷ್ಟು ಅಂತ ಕೇಳಿದಿರಿ. ಕೆನಡಾದವರು 2013ರಲ್ಲಿ ಹೇಳಿದ್ದು ವಾರಕ್ಕೆ ಎರಡು ದಿನ 30 ನಿಮಿಷದ ದಮ್ಮಿನ ವ್ಯಾಯಾಮ, ಎರಡು ದಿನ ಶಕ್ತಿಯ ವ್ಯಾಯಾಮ. ಆದರೆ ಅದು ಕಾಯಿಲೆ ಸೌಮ್ಯ ಅಥವಾ ಮಧ್ಯಮ ಹಂತದಲ್ಲಿರುವವರಿಗೆ. ಅಮೆರಿಕದ ನ್ಯಾಷನಲ್ ಎಂಎಸ್ ಸೊಸೈಟಿ 2020ರಲ್ಲಿ ಕೊಟ್ಟ ಸಲಹೆ ನಿಮ್ಮಂಥವರನ್ನೂ, ಹಾಸಿಗೆ ಹಿಡಿದವರನ್ನೂ ಸೇರಿಸಿಕೊಂಡಿದೆ. ವಾರಕ್ಕೆ 150 ನಿಮಿಷದ ಗುರಿ ಇಟ್ಟುಕೊಳ್ಳಿ, ಆದರೆ ಅವರವರ ಶಕ್ತಿ ನೋಡಿ ನಿಧಾನವಾಗಿ ಏರಿ ಎನ್ನುತ್ತದೆ ಅದು. ನನಗೆ ಅದರಲ್ಲಿ ಹಿಡಿಸಿದ್ದು, ದಿನನಿತ್ಯದ ಓಡಾಟ, ಕೆಲಸಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವು ಕುರ್ಚಿಯಲ್ಲೇ ಅಂಗಳಕ್ಕೆ ಹೋಗಿ ಬಂದರೆ, ಕೂತು ಚಪಾತಿ ಲಟ್ಟಿಸಿದರೆ ಅದೂ ಸೇರಿತು.

ಎಲ್ಲಕ್ಕಿಂತ ಮುಖ್ಯವಾದ ವ್ಯಾಯಾಮ ಇನ್ನೂ ಬಂದಿಲ್ಲ. ಅದಕ್ಕೆ ಸಾಮಾನೇ ಬೇಡ. ಮಂಚದ ಅಂಚಿನಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿ. ಯಜಮಾನರು ಎದುರಿಗೆ ಇರಲಿ. ಮೂಗು ಮೊಣಕಾಲಿನ ಮೇಲೆ ಬರುವವರೆಗೆ ಮುಂದಕ್ಕೆ ಬಾಗಿ, ವಾಪಸ್ ಬನ್ನಿ. ಬಾಗುವ ಭಯದಿಂದ ಜನ ಹಿಂದಕ್ಕೆ ಒರಗುತ್ತಾರೆ, ಆಗ ಎತ್ತುವವರ ಸೊಂಟ ಮುರಿಯುತ್ತದೆ. ನೀವು ಮುಂದಕ್ಕೆ ಬಾಗಿದಷ್ಟೂ ಹಿಂಭಾಗ ತಾನೇ ಹಗುರಾಗುತ್ತದೆ. ವಾರ ಕಳೆದ ಮೇಲೆ, ಬಾಗಿದಾಗ ಕೈ ಊರಿ ಮಂಚದಿಂದ ಒಂದು ಅಂಗುಲ ಮೇಲೇಳಲು ನೋಡಿ. ಐದು ಸಲ ಆದರೆ ದೊಡ್ಡದು. ಕೂತಲ್ಲೇ ಸಮತೋಲನಕ್ಕೆ, ಎಡಗಡೆ ಬುಟ್ಟಿಯಿಂದ ಈರುಳ್ಳಿ ತೆಗೆದು ಬಲಗಡೆ ಬುಟ್ಟಿಗೆ ಹಾಕಿ. ಬುಟ್ಟಿಗಳನ್ನು ದಿನಾ ಸ್ವಲ್ಪ ಸ್ವಲ್ಪ ದೂರ ಸರಿಸಿ.

ಕಾಲನ್ನು ಕೈಬಿಡಬೇಡಿ. ಮಡಚಿದ ಕಾಲು ಮಡಚಿದಂತೆಯೇ ಬಿಗಿದುಕೊಂಡರೆ ಮಂಚದ ಮೇಲೆ ನೆಟ್ಟಗೆ ಮಲಗುವುದೂ ಕಷ್ಟವಾಗುತ್ತದೆ. ಹಿಮ್ಮಡಿ ಹಿಡಿದು ಪಾದವನ್ನು ಮೇಲಕ್ಕೆ ಬಾಗಿಸುವುದು, ಮೊಣಕಾಲು ನೆಟ್ಟಗೆ ಮಾಡುವುದು, ತೊಡೆಗಳನ್ನು ಅಗಲ ಮಾಡುವುದು, ಇವನ್ನು ಮನೆಯವರು ದಿನಾ ಮಾಡಿಸಬಹುದು. ಪ್ರತಿಯೊಂದೂ 30ರಿಂದ 60 ಸೆಕೆಂಡ್. ಜೋರಾಗಿ ಎಳೆದರೆ ಸೆಳೆತ ಎದ್ದು ಕಾಲು ಇನ್ನೂ ಬಿಗಿಯುತ್ತದೆ. ನಿಧಾನಕ್ಕೆ ಹಿಡಿದರೆ ತಾನೇ ಬಿಡುತ್ತದೆ. ಬಿಗಿತವೆಲ್ಲ ಶತ್ರು ಅಲ್ಲ ಅನ್ನುವುದನ್ನೂ ಹೇಳಬೇಕು. ಕೆಲವರು ದಾಟುವಾಗ ನಿಲ್ಲುವುದು ಆ ಬಿಗಿತದ ಬಲದಿಂದಲೇ. ಬ್ಯಾಕ್ಲೋಫೆನ್ ಹೆಚ್ಚಾದರೆ ಕಾಲು ಬಟ್ಟೆಯಂತೆ ಕುಸಿಯುತ್ತದೆ. ಹಾಗೆ ಅನಿಸಿದರೆ ವೈದ್ಯರ ಬಳಿ ಮಾತಾಡಿ. ನೀವೇ ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯ ಇದೆ.

ಆಸರೆ ಕೊಟ್ಟು ಎದ್ದು ನಿಲ್ಲಿಸುವ ಫ್ರೇಮ್ ಬಗ್ಗೆ ಒಳ್ಳೆಯ ಅಧ್ಯಯನವೇ ಇದೆ. ಬ್ರಿಟನ್‌ನಲ್ಲಿ ಆಗಿದ್ದು, 2019ರಲ್ಲಿ ಪ್ರಕಟವಾಯಿತು. ಸ್ವಲ್ಪವೇ ನಡೆಯಬಲ್ಲವರಿಂದ ಹಿಡಿದು ಪೂರ್ತಿ ಕುರ್ಚಿಯಲ್ಲೇ ಇರುವವರವರೆಗೆ 140 ಜನ ಅದರಲ್ಲಿದ್ದರು. ಒಂದು ಗುಂಪು ಮನೆಯಲ್ಲೇ ಫ್ರೇಮಿನ ಆಸರೆಯಲ್ಲಿ ವಾರಕ್ಕೆ ಮೂರು ದಿನ 30 ನಿಮಿಷ ನಿಲ್ಲಬೇಕಿತ್ತು. 36 ವಾರದ ಹೊತ್ತಿಗೆ ಮೈಯ ಚಲನೆಯ ಪರೀಕ್ಷೆಯಲ್ಲಿ ಅವರು ಉಳಿದವರಿಗಿಂತ ಮುಂದಿದ್ದರು. ಬರೀ ನಿಂತಿದ್ದಕ್ಕೆ! ಮೊಣಕಾಲಿಗೆ ಮೆತ್ತೆ, ಸೊಂಟಕ್ಕೆ ಪಟ್ಟಿ, ಹಿಮ್ಮಡಿಗೆ ತಡೆ ಇರುವ ಮರದ ಫ್ರೇಮನ್ನು ಒಳ್ಳೆಯ ಬಡಗಿಯೊಬ್ಬರು ಮಾಡಿಕೊಡಬಲ್ಲರು, ಆದರೆ ಅಳತೆ ಫಿಸಿಯೋ ಕೊಡಬೇಕು. ಮೊದಲ ಸಲ ಅವರು ಎದುರಿಗಿರಲೇಬೇಕು. ಬಹಳ ದಿನ ಕೂತಿದ್ದವರು ನಿಂತರೆ ಬಿಪಿ ಇಳಿದು ತಲೆ ತಿರುಗಬಹುದು. ಎಂಎಸ್‌ಗೆ ಪದೇ ಪದೇ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಮೂಳೆ ಟೊಳ್ಳಾಗಿರಬಹುದು, ಅದನ್ನೂ ವೈದ್ಯರು ನೋಡಲಿ.

ಉಸಿರಿನ ಬಗ್ಗೆ ಸ್ವಲ್ಪ. ಕೋವಿಡ್ ಆದಮೇಲೆ ಬಹಳ ಮನೆಗಳಲ್ಲಿ ಮೂರು ಚೆಂಡಿನ ಉಪಕರಣ ಇದೆ. ಅದು ಉಸಿರು ಒಳಗೆಳೆಯಲು. ಎಂಎಸ್‌ನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಹೊರಗೆ ಊದುವ ಸ್ನಾಯು, ಅದರಿಂದ ಕೆಮ್ಮಿಗೆ ಬಲ ಕಡಿಮೆಯಾಗಿ ಕಫ ಉಳಿಯುತ್ತದೆ. ಊದುವುದಕ್ಕೆ ತಡೆ ಕೊಡುವ ಉಪಕರಣ ಬೇರೆ ಇದೆ, ಫಿಸಿಯೋಗೆ ಕೇಳಿ. ನಿಮ್ಮ ಉಸಿರು ಹೇಗಿದೆ ಎಂದು ತಿಳಿಯಲು, ಟೀಚರ್ ಆಗಿದ್ದವರು ನೀವು, ಒಂದೇ ಉಸಿರಿಗೆ ಎರಡರ ಮಗ್ಗಿ ಗಟ್ಟಿಯಾಗಿ ಎಲ್ಲಿಯವರೆಗೆ ಹೇಳುತ್ತೀರಿ ಎಂದು ತಿಂಗಳಿಗೊಮ್ಮೆ ಬರೆದಿಡಿ.

ಎಷ್ಟು ಮಾಡಿದರೆ ಅತಿಯಾಯಿತು? ನನ್ನ ಲೆಕ್ಕ ಸರಳ. ವ್ಯಾಯಾಮದ ಸುಸ್ತು ಎರಡು ಗಂಟೆಯಲ್ಲಿ ಇಳಿಯಬೇಕು, ಆ ದಿನದ ನಿಮ್ಮ ಕೆಲಸ ಕೆಡಬಾರದು. ಕೆಟ್ಟರೆ ಮುಂದಿನ ಸಲ ಮೂರರಲ್ಲಿ ಒಂದು ಭಾಗ ಕಡಿಮೆ ಮಾಡಿ, ನಿಲ್ಲಿಸಬೇಡಿ. ಜ್ವರ, ಮೂತ್ರದ ಸೋಂಕು, ರೀಲ್ಯಾಪ್ಸ್ ಇದ್ದಾಗ ಪೂರ್ತಿ ರಜೆ. ಕೂರುವ ಜಾಗದಲ್ಲಿ ಚರ್ಮ ಕೆಂಪಾಗಿಯೋ ಕಪ್ಪಾಗಿಯೋ ಕಂಡು, ಒತ್ತಡ ಬಿಟ್ಟ ಮೇಲೂ ಹಾಗೇ ಉಳಿದರೆ ಕೂತು ಮಾಡುವುದೆಲ್ಲ ಬಂದ್. ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಮುಂದಕ್ಕೆ ಬಾಗಿ ಒತ್ತಡ ಇಳಿಸಿ. ಗಾಳಿ ತುಂಬಿದ ಟ್ಯೂಬ್ ಮೇಲೆ ಕೂರಬೇಡಿ. ನಡುವೆ ತೂತು ಇದ್ದರೆ ಒಳ್ಳೆಯದು ಎಂದು ಕೊಡುತ್ತಾರೆ, ಅಂಚಿನಲ್ಲಿ ಅದು ಇನ್ನೂ ಜಾಸ್ತಿ ಒತ್ತುತ್ತದೆ.

ನಿಮ್ಮ ಫಿಸಿಯೋ ಎಂಎಸ್ ನೋಡಿಲ್ಲ ಅಂದರೆ ಅವರ ತಪ್ಪಲ್ಲ. ಮಂಗಳೂರಿನಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಎಂಎಸ್ ಇರುವುದು ಕಂಡಿತ್ತು, ಅಷ್ಟು ಅಪರೂಪ. ಅವರು ದಿನಾ ನೋಡುವುದು ಪಾರ್ಶ್ವವಾಯು ಆದವರನ್ನು. ಅಲ್ಲಿ ‘ಇನ್ನೊಂದು ಸಲ, ಇನ್ನೊಂದು ಸಲ’ ಎಂದು ಹುರಿದುಂಬಿಸುವುದು ಸರಿ. ಇಲ್ಲಿ ಮೈ ಬಿಸಿಯಾಗುವ ಮುಂಚೆ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಸಬೇಕು. ಈ ಒಂದು ವ್ಯತ್ಯಾಸ ಹೇಳಿದರೆ ಸಾಕು, ಉಳಿದಿದ್ದು ಅವರಿಗೆ ಗೊತ್ತು. ಬೆಂಗಳೂರಿಗೆ ಹೋಗುವುದಿದ್ದರೆ ನಿಮ್ಹಾನ್ಸ್‌ನ ನರಪುನರ್ವಸತಿ ವಿಭಾಗದಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ವ್ಯಾಯಾಮದ ಪಟ್ಟಿ ಬರೆಸಿಕೊಂಡು ಬನ್ನಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆಯೂ ಬೆಂಗಳೂರಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಎಂಎಸ್ ಸೇರಿದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಮಾಡಿಸಿ.

ಮೊದಲ ವಾರ ಇಷ್ಟೇ ಮಾಡಿ: ಎರಡು ದಿನ ಕೈಪೆಡಲ್ ಐದು ಸುತ್ತು, ಇನ್ನೆರಡು ದಿನ ಪಟ್ಟಿ ಎಳೆಯುವುದು, ದಿನಾ ಐದು ಸಲ ಮುಂದಕ್ಕೆ ಬಾಗುವುದು. ಕಣ್ಣು ಮಂಜಾದರೆ ಎಷ್ಟು ಹೊತ್ತಿಗೆ ಮಂಜಾಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಬರೆದಿಡಿ. ಹಾಗೆ ಬರೆದ ಹಾಳೆಯನ್ನು ಅತ್ತೆಯವರ ಕೈಗೂ ಕೊಡಿ. ಫಿಸಿಯೋ ಬಂದಾಗ ಮೊದಲು ಕುರ್ಚಿಯ ಬ್ರೇಕ್ ನೋಡಿಸಿ. ಎರಡು ವರ್ಷ ಹಳೆಯ ಕುರ್ಚಿಯಲ್ಲಿ ಬ್ರೇಕ್ ಸಡಿಲ ಆಗಿರುವುದೇ ಹೆಚ್ಚು. ಸ್ಕ್ರೂ ತಿರುಗಿಸಿ ಬಿಗಿ ಮಾಡಲು ಅವರಿಗೆ ಎರಡು ನಿಮಿಷ ಸಾಕು.